ಕರೆಂಟ್ ಜೊತೆಗೆ ಕೀಮೋ ಯಾಕೆ? ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವುದರಿಂದ ಬೆಂಗಳೂರು, ಮೈಸೂರು, ಮಂಗಳೂರಿನ ಕ್ಯಾನ್ಸರ್ ಆಸ್ಪತ್ರೆಗಳ ಚೀಟಿ ಹಿಡಿದು ಬರುವವರು ನನಗೆ ಜಾಸ್ತಿ ಸಿಗುತ್ತಾರೆ. ಸಕಲೇಶಪುರ, ಬೇಲೂರು, ಮೂಡಿಗೆರೆ, ಅರಕಲಗೂಡು, ಕಡೂರು, ಎಲ್ಲಾ ಕಡೆಯವರೂ. ವಾಂತಿ ಮಾತ್ರೆ ಕೊಡುವಾಗ ಮಾತು ಶುರುವಾಗುತ್ತದೆ, ಸುತ್ತಿ ಬಳಸಿ ಅದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಕರೆಂಟ್ (ರೇಡಿಯೇಶನ್) ಕೊಡ್ತಿದ್ದಾರಲ್ಲ, ಮತ್ತೆ ಕೀಮೋ (ಕ್ಯಾನ್ಸರ್ ಔಷಧಿ) ಯಾಕೆ? ಆಸ್ಪತ್ರೆಯಲ್ಲಿ ಡಾಕ್ಟರ್ ಹೇಳಿರುತ್ತಾರೆ. ಆದರೆ ಆ ಜನಜಂಗುಳಿಯಲ್ಲಿ, ಆ ಭಯದಲ್ಲಿ ಯಾರ ತಲೆಗೂ ಇಳಿದಿರುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಔಷಧಿ ಕೊಡುವವನು, ಡಾಕ್ಟರ್ ಅಲ್ಲ. ನಿಮ್ಮ ರೋಗಿಯ ಡೋಸು, ದಿನ, ಎಲ್ಲವನ್ನೂ ತೀರ್ಮಾನ ಮಾಡುವವರು ನಿಮ್ಮ ಆಸ್ಪತ್ರೆಯವರು.

ಕರೆಂಟ್ ಕೊಡ್ತೀವಿ ಅಂದರು, ಜೊತೆಗೆ ವಾರಕ್ಕೊಂದು ಕೀಮೋ ಅಂತಲೂ ಬರೆದಿದ್ದಾರೆ. ಕಾಯಿಲೆ ಅಷ್ಟು ಜೋರಾಗಿದೆಯಾ?

ಹಾಗಂದುಕೊಳ್ಳಬೇಡಿ. ಇಲ್ಲಿ ಕೀಮೋ ಬಂದಿರುವುದು ಕರೆಂಟಿಗೆ ಸಹಾಯ ಮಾಡಲು. ಮುಖ್ಯ ಕೆಲಸ ಮಾಡುವುದು ರೇಡಿಯೇಶನ್, ಅಂದರೆ ನಮ್ಮ ಕಡೆ ಎಲ್ಲರೂ ಕರೆಂಟ್ ಅನ್ನುತ್ತಾರಲ್ಲ, ಅದೇ. ಕೆಲವು ಔಷಧಿಗಳು ಕ್ಯಾನ್ಸರ್ ಕಣಗಳನ್ನು, ಅಂದರೆ ಜೀವಕೋಶಗಳನ್ನು, ಸ್ವಲ್ಪ ದುರ್ಬಲ ಮಾಡುತ್ತವೆ, ಆಗ ಅದೇ ಪ್ರಮಾಣದ ರೇಡಿಯೇಶನ್‌ಗೆ ಹೆಚ್ಚು ಕಣಗಳು ಸಾಯುತ್ತವೆ. ಇಂಥ ಔಷಧಿಗೆ ರೇಡಿಯೋಸೆನ್ಸಿಟೈಸರ್ ಎನ್ನುತ್ತಾರೆ. ಮುಂಗಾರು ಮಳೆ ಬಿದ್ದು ಹದ ಬಂದ ಹೊಲಕ್ಕೆ ನೇಗಿಲು ಇಳಿಯುವುದಕ್ಕೂ ಒಣಗಿದ ಹೊಲಕ್ಕೆ ಇಳಿಯುವುದಕ್ಕೂ ಇರುವ ವ್ಯತ್ಯಾಸ ಗೊತ್ತಲ್ವಾ, ಹೆಚ್ಚುಕಡಿಮೆ ಹಾಗೆ.

ಇನ್ನೊಂದು ವಿಷಯ. ಕಾಯಿಲೆ ಮೈಯೆಲ್ಲಾ ಹರಡಿದವರಿಗೆ ಸಾಮಾನ್ಯವಾಗಿ ಈ ಜೋಡಿ ಚಿಕಿತ್ಸೆ ಕೊಡುವುದಿಲ್ಲ. ಕಾಯಿಲೆ ಇನ್ನೂ ಒಂದೇ ಭಾಗದಲ್ಲಿ, ಅದರ ಅಕ್ಕಪಕ್ಕದ ಗಂಟುಗಳಲ್ಲಿ ಇದೆ, ಗುಣ ಮಾಡಲು ನೋಡೋಣ ಎನ್ನುವಾಗ ಕೊಡುವುದೇ ಜಾಸ್ತಿ. ಹಾಗಾಗಿ ಎರಡೂ ಬರೆದಿದ್ದಾರೆ ಅಂದರೆ ಬಹಳ ಸಲ ಅದು ಒಳ್ಳೆಯ ಸುದ್ದಿಯೇ.

ಕರೆಂಟ್ ಕೊಡುವಾಗ ಶಾಕ್ ಹೊಡೆಯುತ್ತಾ? ಮನೆಯವರಿಗೆ ತಗುಲುತ್ತಾ?

ಇಲ್ಲ. ಯಂತ್ರದಿಂದ ಬರುವುದು ಬಹಳ ಶಕ್ತಿಯ ಎಕ್ಸ್‌ರೇ. ಮಲಗಿರುವಾಗ ಏನೂ ಗೊತ್ತಾಗುವುದಿಲ್ಲ, ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಯಂತ್ರ ನಿಂತ ಕೂಡಲೇ ರೇಡಿಯೇಶನ್ನೂ ನಿಂತಿತು. ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು, ಒಂದೇ ಕೋಣೆಯಲ್ಲಿ ಮಲಗಬಹುದು. ಅಜ್ಜಿಯನ್ನು ಹಿತ್ತಲ ಕೋಣೆಗೆ ಹಾಕುವ ಮನೆಗಳನ್ನು ಕೇಳಿದ್ದೇನೆ, ದಯವಿಟ್ಟು ಬೇಡ.

ಔಷಧಿ ಒಳಗೆ ಹೋಗಿ ಏನು ಮಾಡುತ್ತದೆ?

ಮೊದಲು ರೇಡಿಯೇಶನ್ ಏನು ಮಾಡುತ್ತದೆ ನೋಡೋಣ. ಅದು ಕಣದೊಳಗಿನ ಡಿಎನ್‌ಎಯನ್ನು ಮುರಿಯುತ್ತದೆ, ಸ್ವಲ್ಪ ನೇರವಾಗಿ, ಜಾಸ್ತಿ ಪಾಲು ಕಣದೊಳಗಿನ ನೀರನ್ನು ಒಡೆದು ಅದರಿಂದ ಹುಟ್ಟುವ ತುಂಟ ಅಣುಗಳ (ಫ್ರೀ ರಾಡಿಕಲ್) ಮೂಲಕ. ಡಿಎನ್‌ಎಯ ಎರಡೂ ಎಳೆ ಒಂದೇ ಕಡೆ ಮುರಿದರೆ ಕಣಕ್ಕೆ ಕಷ್ಟ. ಆದರೂ ಕಣ ಸುಮ್ಮನೆ ಕೂರುವುದಿಲ್ಲ, ರಿಪೇರಿಗೆ ಶುರುಮಾಡುತ್ತದೆ. ಒಳ್ಳೆಯ ಕಣಗಳು ಒಂದು ದಿನದಲ್ಲಿ ಬಹಳಷ್ಟು ರಿಪೇರಿ ಮಾಡಿಕೊಳ್ಳುತ್ತವೆ, ಅದಕ್ಕೇ ಒಂದೇ ಸಲ ಕೊಡದೆ ದಿನಕ್ಕಿಷ್ಟು ಅಂತ ಹಂಚಿ ಕೊಡುವುದು.

ಔಷಧಿಗಳು ಅಡ್ಡ ಬರುವುದು ಈ ರಿಪೇರಿ ಕೆಲಸಕ್ಕೆ. ಸಿಸ್‌ಪ್ಲಾಟಿನ್ ಡಿಎನ್‌ಎಗೆ ಅಂಟಿಕೊಂಡು ಎಳೆಗಳನ್ನು ಬಿಗಿದು ಹಾಕುತ್ತದೆ, ಮುರಿದ ಜಾಗ ಕೂಡಿಕೊಳ್ಳದಂತೆ ಮಾಡುತ್ತದೆ. 5-ಎಫ್‌ಯು ಮತ್ತು ಅದರ ಮಾತ್ರೆ ರೂಪದ ಕೆಪೆಸಿಟಾಬಿನ್, ಹೊಸ ಡಿಎನ್‌ಎ ಕಟ್ಟಲು ಬೇಕಾದ ಸಾಮಾನನ್ನೇ ತಡೆಯುತ್ತವೆ. ಡೋಸೆಟ್ಯಾಕ್ಸೆಲ್, ಪ್ಯಾಕ್ಲಿಟ್ಯಾಕ್ಸೆಲ್ ಕಣಗಳನ್ನು ವಿಭಜನೆಯ ಹೊತ್ತಿನಲ್ಲಿ ಹಿಡಿದು ನಿಲ್ಲಿಸುತ್ತವೆ, ಕಣಕ್ಕೆ ರೇಡಿಯೇಶನ್ ಪೆಟ್ಟು ಜೋರಾಗಿ ತಾಗುವ ಹೊತ್ತು ಅದೇ.

ಆಮ್ಲಜನಕದ ಕಥೆ ಬೇರೆ ಇದೆ. ಗಡ್ಡೆ ದೊಡ್ಡದಾದಂತೆ ಅದರ ನಡುವಿನ ಕಣಗಳಿಗೆ ರಕ್ತ ಸರಿಯಾಗಿ ತಲುಪುವುದಿಲ್ಲ. ಆಮ್ಲಜನಕ ಇಲ್ಲದ ಕಣವನ್ನು ಕೊಲ್ಲಲು ಸುಮಾರು ಮೂರು ಪಟ್ಟು ರೇಡಿಯೇಶನ್ ಬೇಕಾಗುತ್ತದೆ, ಯಾಕೆಂದರೆ ಡಿಎನ್‌ಎಗೆ ಆದ ಗಾಯವನ್ನು ಖಾಯಂ ಮಾಡುವುದು ಆಮ್ಲಜನಕವೇ. ಇದರ ಮಹತ್ವವನ್ನು 1953ರಲ್ಲಿ ತೋರಿಸಿದವರಲ್ಲಿ ಇಂಗ್ಲೆಂಡಿನ ಲೂಯಿ ಹೆರಾಲ್ಡ್ ಗ್ರೇ ಒಬ್ಬರು. ನಿಮ್ಮ ಫೈಲಿನಲ್ಲಿ 66 ಗ್ರೇ, 70 ಗ್ರೇ ಅಂತ ಬರೆದಿರುತ್ತದಲ್ಲ, ರೇಡಿಯೇಶನ್ ಅಳೆಯುವ ಆ ಮಾನಕ್ಕೆ ಇಟ್ಟಿರುವುದು ಅವರ ಹೆಸರೇ.

ಯಾವ ಕ್ಯಾನ್ಸರ್‌ಗೆ ಯಾವ ಔಷಧಿ?

ಬಾಯಿ, ಗಂಟಲು, ಧ್ವನಿಪೆಟ್ಟಿಗೆ ಕ್ಯಾನ್ಸರ್‌ಗೆ, ಮತ್ತು ಹೆಣ್ಣುಮಕ್ಕಳ ಗರ್ಭಕಂಠದ ಕ್ಯಾನ್ಸರ್‌ಗೆ ಸಿಸ್‌ಪ್ಲಾಟಿನ್. ನಮ್ಮ ಜಿಲ್ಲೆಗಳಿಂದ ಹೋಗುವವರಲ್ಲಿ ಇವೆರಡೇ ಜಾಸ್ತಿ ನನ್ನ ಕಣ್ಣಿಗೆ ಬೀಳುವುದು. ಗುದನಾಳದ ಕ್ಯಾನ್ಸರ್‌ಗೆ ಆಪರೇಷನ್‌ಗೂ ಮುಂಚೆ ರೇಡಿಯೇಶನ್ ಕೊಡುವಾಗ ಕೆಪೆಸಿಟಾಬಿನ್ ಮಾತ್ರೆ. ಅನ್ನನಾಳಕ್ಕೆ ಪ್ಯಾಕ್ಲಿಟ್ಯಾಕ್ಸೆಲ್ ಮತ್ತು ಕಾರ್ಬೋಪ್ಲಾಟಿನ್ ಸೇರಿಸಿ ವಾರಕ್ಕೊಮ್ಮೆ. ಮೂತ್ರಕೋಶ ತೆಗೆಯದೆ ಉಳಿಸಿಕೊಳ್ಳಬೇಕು ಎಂದಾಗ 5-ಎಫ್‌ಯು ಜೊತೆ ಮೈಟೋಮೈಸಿನ್, ಇಲ್ಲವೇ ಸಿಸ್‌ಪ್ಲಾಟಿನ್.

ಮೆದುಳಿನ ಗ್ಲಿಯೋಬ್ಲಾಸ್ಟೋಮಾ ಅನ್ನುವ ಕ್ಯಾನ್ಸರ್‌ಗೆ ಟೆಮೊಜೊಲೊಮೈಡ್ ಕ್ಯಾಪ್ಸೂಲ್, ರೇಡಿಯೇಶನ್ ನಡೆಯುವಷ್ಟು ದಿನವೂ ಪ್ರತಿದಿನ, ಖಾಲಿ ಹೊಟ್ಟೆಯಲ್ಲಿ. 2005ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಎರಡು ವರ್ಷ ಬದುಕಿದವರು ಬರೀ ರೇಡಿಯೇಶನ್‌ನಲ್ಲಿ ಸುಮಾರು ನೂರಕ್ಕೆ 10 ಮಂದಿ, ಈ ಔಷಧಿ ಸೇರಿಸಿದಾಗ 26ಕ್ಕಿಂತ ಸ್ವಲ್ಪ ಜಾಸ್ತಿ. ಕೆಟ್ಟ ಕಾಯಿಲೆಯಲ್ಲಿ ಇದು ಸಣ್ಣ ವ್ಯತ್ಯಾಸವೇನಲ್ಲ.

ನಮ್ಮಮ್ಮನಿಗೆ ಸ್ತನ ಕ್ಯಾನ್ಸರ್. ಅವರಿಗೆ ಕರೆಂಟ್ ಜೊತೆ ಕೀಮೋ ಕೊಡಲೇ ಇಲ್ಲ. ಮರೆತುಬಿಟ್ಟರಾ?

ಮರೆತಿಲ್ಲ. ಸ್ತನ ಕ್ಯಾನ್ಸರ್‌ನಲ್ಲಿ ಸಾಮಾನ್ಯವಾಗಿ ಕೀಮೋ ಮುಗಿಸಿ ಆಮೇಲೆ ರೇಡಿಯೇಶನ್. ಒಟ್ಟಿಗೆ ಕೊಟ್ಟರೆ ಚರ್ಮ ಸುಡುವುದು ಜಾಸ್ತಿ, ಅದಕ್ಕೆ ತಕ್ಕ ಲಾಭ ಕಂಡಿಲ್ಲ.

ಸಿಸ್‌ಪ್ಲಾಟಿನ್ ಅಂದರೆ ಏನು? ಹಳೇ ಔಷಧಿ ಅಂತಾರೆ, ಹೊಸದು ಇಲ್ವಾ?

ಹಳೆಯದೇ. ಪ್ಲಾಟಿನಂ ಲೋಹದಿಂದ ಮಾಡಿದ್ದು. ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾ ಇದ್ದ ದ್ರವಕ್ಕೆ ವಿದ್ಯುತ್ ಹಾಯಿಸಿ ನೋಡುತ್ತಿದ್ದರು, ಬ್ಯಾಕ್ಟೀರಿಯಾ ವಿಭಜನೆ ಆಗದೆ ಉದ್ದ ಉದ್ದ ಬೆಳೆದವು. ಹುಡುಕಿದರೆ ಅದಕ್ಕೆ ಕಾರಣ ವಿದ್ಯುತ್ ಅಲ್ಲವೇ ಅಲ್ಲ, ಪ್ಲಾಟಿನಂ ತಂತಿಯಿಂದ ಕರಗಿ ಬಂದ ವಸ್ತು. 1965ರಲ್ಲಿ ಇದು ಪ್ರಕಟವಾಯಿತು, 1978ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. 1999ರಲ್ಲಿ ಗರ್ಭಕಂಠದ ಕ್ಯಾನ್ಸರ್ ಬಗ್ಗೆ ಐದು ಅಧ್ಯಯನಗಳ ಫಲಿತಾಂಶ ಒಟ್ಟಿಗೆ ನೋಡಿ, ರೇಡಿಯೇಶನ್ ಜೊತೆ ಇದನ್ನು ಸೇರಿಸಿ ಅಂತ ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಡಾಕ್ಟರ್‌ಗಳಿಗೆಲ್ಲಾ ಸೂಚನೆ ಕಳಿಸಿತು.

ಹೊಸತು ಬಂದಿವೆ, ಬರುತ್ತಲೂ ಇವೆ. ಆದರೆ ಬಾಯಿ-ಗಂಟಲಿನ ಕ್ಯಾನ್ಸರ್‌ನಲ್ಲಿ ಸಿಸ್‌ಪ್ಲಾಟಿನ್ ಅನ್ನು ಸೋಲಿಸಲು ಹೋದ ಎಷ್ಟೋ ದುಬಾರಿ ಔಷಧಿಗಳು ತಾವೇ ಸೋತು ವಾಪಸ್ಸು ಬಂದಿವೆ. ಇದರ ಬೆಲೆ ಅವುಗಳ ಮುಂದೆ ಏನೇನೂ ಅಲ್ಲ. ಅಗ್ಗದ ಔಷಧಿ ಬರೆದಿದ್ದಾರೆ, ನಮ್ಮನ್ನು ಬಡವರು ಅಂತ ನೋಡಿದರು ಅಂದುಕೊಳ್ಳಬೇಡಿ. ದುಡ್ಡಿದ್ದವರಿಗೂ ಇದನ್ನೇ ಬರೆಯುತ್ತಾರೆ.

ಒಬ್ಬರಿಗೆ ವಾರಕ್ಕೊಂದು, ಪಕ್ಕದ ಬೆಡ್ಡಿನವರಿಗೆ ಮೂರು ವಾರಕ್ಕೊಂದು. ಯಾಕೆ ಹೀಗೆ?

ಎರಡು ಪದ್ಧತಿ ಇವೆ. ದೇಹದ ಮೇಲ್ಮೈ ಲೆಕ್ಕದಲ್ಲಿ, ಚದರ ಮೀಟರಿಗೆ 100 ಮಿಲಿಗ್ರಾಂನಂತೆ ಮೂರು ವಾರಕ್ಕೊಮ್ಮೆ, ಅಥವಾ 40 ಮಿಲಿಗ್ರಾಂನಂತೆ ವಾರಕ್ಕೊಮ್ಮೆ. ಗರ್ಭಕಂಠಕ್ಕೆ ವಾರದ 40 ರೂಢಿ, ಸಾಮಾನ್ಯವಾಗಿ ಐದು ಸಲ. ಬಾಯಿ-ಗಂಟಲಿಗೆ ವರ್ಷಗಟ್ಟಲೆ ಚರ್ಚೆ ನಡೆದಿದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾರಕ್ಕೆ 30 ಮಿಲಿಗ್ರಾಂ ಕೊಟ್ಟವರಿಗಿಂತ ಮೂರು ವಾರಕ್ಕೆ 100 ಕೊಟ್ಟವರಲ್ಲಿ ಕಾಯಿಲೆ ಹಿಡಿತಕ್ಕೆ ಬಂದದ್ದು ಜಾಸ್ತಿ, ತೊಂದರೆಯೂ ಜಾಸ್ತಿ. ಆಮೇಲೆ ಜಪಾನಿನ ಅಧ್ಯಯನ, ಆಪರೇಷನ್ ಆದವರಿಗೆ ವಾರಕ್ಕೆ 40 ಕೊಟ್ಟರೂ ಏನೂ ಕಡಿಮೆ ಇಲ್ಲ ಅಂತ ತೋರಿಸಿತು. ಹಾಗಾಗಿ ಡಾಕ್ಟರ್ ಒಬ್ಬೊಬ್ಬ ರೋಗಿಯ ಕಿಡ್ನಿ, ಶಕ್ತಿ ನೋಡಿ ಆರಿಸುತ್ತಾರೆ. ಪಕ್ಕದ ಬೆಡ್ಡಿನ ಚೀಟಿ ಜೊತೆ ಹೋಲಿಸಿ ರಾತ್ರಿಯೆಲ್ಲಾ ನಿದ್ದೆಗೆಡಬೇಡಿ.

ಒಂದು ಡೋಸ್ ತಪ್ಪಿದರೂ ಅಷ್ಟೇ, ಗಾಬರಿ ಬೇಡ. ಬಾಯಿ-ಗಂಟಲಿಗೆ ಒಟ್ಟು ಸೇರಿ ಚದರ ಮೀಟರಿಗೆ 200 ಮಿಲಿಗ್ರಾಂ ಹತ್ತಿರ ಹೋದರೆ ಬಹಳಷ್ಟು ಲಾಭ ಸಿಕ್ಕಿತು ಅಂತಲೇ ಲೆಕ್ಕ. ಬಿಳಿ ರಕ್ತಕಣ ಇಳಿದಿದೆ ಅಂತ ಡಾಕ್ಟರ್ ಕೀಮೋ ಮುಂದೂಡಿದರೆ, ಕರೆಂಟ್ ಮಾತ್ರ ನಡೆಯುತ್ತಿದೆಯಾ ಅಂತ ಕೇಳಿಕೊಳ್ಳಿ.

ಇಷ್ಟೆಲ್ಲಾ ಕಷ್ಟಪಟ್ಟರೆ ಸಿಗುವುದು ಎಷ್ಟು?

ನೇರವಾಗಿ ಹೇಳುತ್ತೇನೆ. ಟಾಟಾ ಮೆಮೋರಿಯಲ್‌ನಲ್ಲಿ ಗರ್ಭಕಂಠದ ಮೂರನೇ ಹಂತದ ಕ್ಯಾನ್ಸರ್ ಇದ್ದ 850 ಹೆಂಗಸರ ಮೇಲೆ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಐದು ವರ್ಷಕ್ಕೆ ಬದುಕಿದ್ದವರು ಬರೀ ರೇಡಿಯೇಶನ್‌ನಲ್ಲಿ ನೂರಕ್ಕೆ 46, ವಾರಕ್ಕೊಂದು ಸಿಸ್‌ಪ್ಲಾಟಿನ್ ಸೇರಿಸಿದಾಗ 54. ತಲೆ-ಕುತ್ತಿಗೆ ಕ್ಯಾನ್ಸರ್‌ನಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಐದು ವರ್ಷಕ್ಕೆ ಲಾಭ ನೂರಕ್ಕೆ ಆರೂವರೆ.

ಈ ಅಂಕಿ ಕೇಳಿ ಕೆಲವರ ಮುಖ ಬಾಡುತ್ತದೆ, ಇಷ್ಟೇನಾ ಅಂತ. ನನಗೆ ಹಾಗನ್ನಿಸುವುದಿಲ್ಲ. ನೂರು ಮನೆಯಲ್ಲಿ ಏಳೆಂಟು ಮನೆಗೆ ಅಮ್ಮ ಉಳಿದರು ಅಂದರೆ ಆ ಮನೆಯವರನ್ನು ಕೇಳಬೇಕು. ಆದರೆ ಅದೇ ಅಂಕಿಯಲ್ಲಿ ಇನ್ನೊಂದು ಮಾತೂ ಇದೆ. ಆ 54ರಲ್ಲಿ 46ನ್ನು ತಂದುಕೊಟ್ಟಿದ್ದು ರೇಡಿಯೇಶನ್. ಕೀಮೋ ತಪ್ಪಿತು ಅಂತ ಅಳುವವರು ಕರೆಂಟ್ ನಾಲ್ಕು ದಿನ ತಪ್ಪಿದಾಗ ಸುಮ್ನೆ ಇರುತ್ತಾರೆ. ನಾನು ಎಲ್ಲರಿಗೂ ಹೇಳುವುದು ಇದೊಂದೇ, ದಿನ ತಪ್ಪಿಸಬೇಡಿ.

ಕಾಫಿ ಕುಯ್ಲು ನಡೀತಿದೆ, ಮಧ್ಯೆ ಒಂದು ವಾರ ಊರಿಗೆ ಬಂದು ಹೋದರೆ ಆಗಲ್ವಾ?

ಆಗಲ್ಲ. ಕುಯ್ಲು, ಮೆಣಸು, ಆಲೂಗಡ್ಡೆ ಬಿತ್ತನೆ, ಮದುವೆ, ಹಬ್ಬ, ಹಾಸನಾಂಬೆ ದರ್ಶನ, ಇವೆಲ್ಲದಕ್ಕೂ ಇದೇ ಉತ್ತರ.

ಕಾರಣ ಕೇಳಿ. ಚಿಕಿತ್ಸೆ ಶುರುವಾಗಿ ಮೂರು-ನಾಲ್ಕು ವಾರ ಆಗುವ ಹೊತ್ತಿಗೆ ಸಾಯದೆ ಉಳಿದ ಕ್ಯಾನ್ಸರ್ ಕಣಗಳು ಮೊದಲಿಗಿಂತ ಬೇಗ ಬೇಗ ಮರಿ ಹಾಕಲು ತೊಡಗುತ್ತವೆ. ಗಂಟಲು-ಬಾಯಿ ಕ್ಯಾನ್ಸರ್‌ನಲ್ಲಿ ಒಟ್ಟು ಅವಧಿ ಒಂದೊಂದು ದಿನ ಉದ್ದವಾದಾಗಲೂ ಕಾಯಿಲೆ ಹಿಡಿತಕ್ಕೆ ಬರುವ ಸಾಧ್ಯತೆ ನೂರಕ್ಕೆ ಒಂದರಷ್ಟು, ಅದಕ್ಕಿಂತ ತುಸು ಹೆಚ್ಚೇ ಇಳಿಯುತ್ತದೆ. ಲೆಕ್ಕ ಹಾಕಿ. ಕೀಮೋ ಸೇರಿಸಿ ಸಂಪಾದಿಸಿದ ಲಾಭವನ್ನು ಒಂದು ವಾರದ ರಜೆ ತಿಂದುಹಾಕಬಹುದು. ಗರ್ಭಕಂಠಕ್ಕೆ ಹೊರಗಿನ ಕರೆಂಟ್, ಒಳಗಿನ ಕರೆಂಟ್ ಅಂದರೆ ಒಳಗೇ ಉಪಕರಣ ಇಟ್ಟು ಕೊಡುವ ಬ್ರಾಕಿಥೆರಪಿ, ಎರಡೂ ಸೇರಿ ಎಂಟು ವಾರದೊಳಗೆ ಮುಗಿಯಬೇಕು. ಹೊರಗಿನದು ಮುಗಿದ ಮೇಲೆ ರಕ್ತಸ್ರಾವ ನಿಂತಿತು, ಆರಾಮಾಗಿದ್ದೀನಿ ಅಂತ ಊರಿಗೆ ಬಂದು ಕೂತು ಒಳಗಿನದಕ್ಕೆ ಹೋಗದೇ ಇರುವವರಿದ್ದಾರೆ. ನನಗೆ ಅತಿ ಬೇಸರ ಆಗುವುದು ಇಂಥದ್ದನ್ನು ಕೇಳಿದಾಗ. ಒಳಗಿನದು ಬಿಟ್ಟರೆ ಚಿಕಿತ್ಸೆ ಅರ್ಧಕ್ಕೆ ನಿಂತ ಹಾಗೆಯೇ.

ನಮ್ಮ ಕಡೆಯವರಿಗೆ ಇನ್ನೊಂದು ತೊಂದರೆ ಇದೆ, ಮಳೆಗಾಲ. ಸಕಲೇಶಪುರದವರು ಶಿರಾಡಿ ಘಾಟಿ ಇಳಿದು, ಮೂಡಿಗೆರೆಯವರು ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗುತ್ತಾರೆ. ಜುಲೈ-ಆಗಸ್ಟಿನಲ್ಲಿ ಗುಡ್ಡ ಕುಸಿದರೆ ದಾರಿ ಬಂದ್. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಹೇಗಾಗಿತ್ತು ಅಂತ ಎಲ್ಲರಿಗೂ ನೆನಪಿದೆ. ವಾರಕ್ಕೆ ಐದು ದಿನದಂತೆ ಆರು-ಏಳು ವಾರ ದಿನಾ ಓಡಾಡುತ್ತೇನೆ ಅನ್ನುವುದು ಮಳೆಗಾಲದಲ್ಲಿ ಹುಚ್ಚುತನ. ಆಸ್ಪತ್ರೆ ಹತ್ತಿರವೇ ಉಳಿಯಿರಿ. ದೊಡ್ಡ ಆಸ್ಪತ್ರೆಗಳ ಬಳಿ ಧರ್ಮಶಾಲೆ ಇರುತ್ತವೆ, ಮೊದಲ ದಿನವೇ ವಿಚಾರಿಸಿ, ಬೇಗ ಭರ್ತಿಯಾಗುತ್ತವೆ. ಜೊತೆಗಿರಲು ಒಬ್ಬರೇ ಏಳು ವಾರ ಅನ್ನುವ ಬದಲು ಅಣ್ಣ-ತಮ್ಮ, ಅಕ್ಕ-ತಂಗಿ ಪಾಳಿ ಹಾಕಿಕೊಳ್ಳಿ.

ಯಂತ್ರ ಕೆಟ್ಟೋ ಜ್ವರ ಬಂದೋ ದಿನ ತಪ್ಪಿಯೇ ತಪ್ಪಿತು ಅಂದರೆ ಹೇಗೆ ಸರಿದೂಗಿಸುತ್ತೀರಿ ಅಂತ ಡಾಕ್ಟರನ್ನೇ ಕೇಳಿ. ಶನಿವಾರ ಕೊಡುವುದು, ಒಂದು ದಿನ ಆರು ಗಂಟೆ ಅಂತರದಲ್ಲಿ ಎರಡು ಸಲ ಕೊಡುವುದು, ಹೀಗೆ ದಾರಿಗಳಿವೆ.

ಕಿಡ್ನಿ ವೀಕು, ವಯಸ್ಸು ಬೇರೆ ಆಗಿದೆ. ಸಿಸ್‌ಪ್ಲಾಟಿನ್ ಕೊಡಲು ಆಗಲ್ಲ ಅಂದರು. ಕೈ ಬಿಟ್ಟರಾ?

ಇಲ್ಲ. ಕಿಡ್ನಿ ಸರಿ ಇಲ್ಲದವರಿಗೆ, ಕಿವಿ ಕೇಳಿಸದವರಿಗೆ, ಹೃದಯ ದುರ್ಬಲ ಇರುವವರಿಗೆ ಸಿಸ್‌ಪ್ಲಾಟಿನ್ ಒಗ್ಗುವುದಿಲ್ಲ. ತಲೆ-ಕುತ್ತಿಗೆ ಕ್ಯಾನ್ಸರ್‌ನಲ್ಲಿ ಇಂಥವರಿಗೆ ಏನು ಮಾಡಬೇಕು ಅನ್ನುವುದಕ್ಕೆ ಒಳ್ಳೆಯ ಉತ್ತರ ಕೊಟ್ಟಿದ್ದು ನಮ್ಮ ದೇಶದವರೇ. ಟಾಟಾ ಮೆಮೋರಿಯಲ್‌ನವರು ಚದರ ಮೀಟರಿಗೆ ಬರೀ 15 ಮಿಲಿಗ್ರಾಂ ಡೋಸೆಟ್ಯಾಕ್ಸೆಲ್ ವಾರಕ್ಕೊಮ್ಮೆ ಸೇರಿಸಿ ನೋಡಿದರು. ಎರಡು ವರ್ಷಕ್ಕೆ ಬದುಕಿದ್ದವರು ಬರೀ ರೇಡಿಯೇಶನ್‌ನಲ್ಲಿ ನೂರಕ್ಕೆ ಸುಮಾರು 42, ಡೋಸೆಟ್ಯಾಕ್ಸೆಲ್ ಜೊತೆ ಸುಮಾರು 51. ಬಾಯಿ ಹುಣ್ಣು ಮಾತ್ರ ಜಾಸ್ತಿ ಆಯಿತು. ಇದೂ ಹಳೆಯ, ಕೈಗೆಟುಕುವ ಔಷಧಿ.

ಸೆಟುಕ್ಸಿಮಾಬ್, ನಿಮೋಟುಜುಮಾಬ್ ಅಂತ ಬೇರೆ ಜಾತಿಯ ಇಂಜೆಕ್ಷನ್‌ಗಳಿವೆ, ಬೆಲೆ ಸಾಕಷ್ಟು ಜಾಸ್ತಿ. ಸೆಟುಕ್ಸಿಮಾಬ್ 2006ರಲ್ಲಿ ಒಳ್ಳೆಯ ಫಲಿತಾಂಶ ಕೊಟ್ಟಿತ್ತು. ಆದರೆ ಎಚ್‌ಪಿವಿ ವೈರಸ್‌ನಿಂದ ಬರುವ ಗಂಟಲ ಕ್ಯಾನ್ಸರ್‌ನಲ್ಲಿ ಸಿಸ್‌ಪ್ಲಾಟಿನ್ ಎದುರು ಇಟ್ಟು ನೋಡಿದಾಗ ಹಿಂದೆ ಬಿತ್ತು. ಸಿಸ್‌ಪ್ಲಾಟಿನ್ ತಡೆಯುವ ಶಕ್ತಿ ಇರುವವರು ದುಬಾರಿಯದೇ ಒಳ್ಳೆಯದು ಅಂತ ಸಾಲ ಮಾಡಬೇಡಿ.

ವಯಸ್ಸು 70 ದಾಟಿದ ಮೇಲೆ ಕೀಮೋ ಸೇರಿಸಿದ್ದರ ಲಾಭ ಅಷ್ಟಾಗಿ ಕಾಣುವುದಿಲ್ಲ. ಅಂಥವರಿಗೆ ಬರೀ ಕರೆಂಟ್ ಸಾಕು ಎಂದರೆ ಅದು ತಿಳಿದು ಮಾಡಿದ ತೀರ್ಮಾನ.

ತೊಂದರೆ ಏನೇನು ಆಗುತ್ತೆ?

ರೇಡಿಯೇಶನ್ ಬಿದ್ದ ಜಾಗದ ತೊಂದರೆಗಳು ಔಷಧಿ ಸೇರಿದಾಗ ಜೋರಾಗುತ್ತವೆ. ಔಷಧಿಗೆ ಕ್ಯಾನ್ಸರ್ ಕಣ ಯಾವುದು, ಬಾಯಿಯ ಒಳಪದರ ಯಾವುದು ಅಂತ ಪೂರ್ತಿ ಭೇದ ಗೊತ್ತಾಗುವುದಿಲ್ಲ. ಬಾಯಿ-ಗಂಟಲಿನವರಿಗೆ ಎರಡು-ಮೂರನೇ ವಾರದಿಂದ ಹುಣ್ಣು, ನುಂಗಲು ನೋವು, ರುಚಿ ಹೋಗುವುದು, ಜೊಲ್ಲು ಗಟ್ಟಿಯಾಗುವುದು. ಹೊಟ್ಟೆ ಕೆಳಭಾಗಕ್ಕೆ ಕೊಟ್ಟರೆ ಭೇದಿ, ಉರಿಮೂತ್ರ.

ಸಿಸ್‌ಪ್ಲಾಟಿನ್‌ನದೇ ತೊಂದರೆಗಳು ಬೇರೆ. ವಾಂತಿಗೆ ಈಗ ಒಳ್ಳೆಯ ಮಾತ್ರೆಗಳಿವೆ, ಅವನ್ನು ವಾಂತಿ ಶುರುವಾಗುವ ಮುಂಚೆಯೇ, ಬರೆದಷ್ಟು ದಿನವೂ ತಗೊಳ್ಳಬೇಕು. ವಾಂತಿ ಇಲ್ಲವಲ್ಲ ಅಂತ ಮಾತ್ರೆ ಉಳಿಸಿಟ್ಟು ಮೂರನೇ ದಿನ ಒದ್ದಾಡುವವರು ಬಹಳ. ವಾಂತಿ ಮಾತ್ರೆಗಳ ಜೊತೆ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಇರುವುದರಿಂದ ಸಕ್ಕರೆ ಕಾಯಿಲೆಯವರಿಗೆ ಆ ದಿನಗಳಲ್ಲಿ ಶುಗರ್ ಏರುತ್ತದೆ, ನೋಡಿಸಿಕೊಳ್ಳಿ.

ಕಿವಿಯಲ್ಲಿ ಗುಂಯ್ ಅನ್ನುವ ಶಬ್ದ ಬಂದರೆ ಮುಂದಿನ ಡೋಸ್‌ಗೆ ಮುಂಚೆ ಹೇಳಲೇಬೇಕು. ಹೋದ ಕಿವಿ ಮತ್ತೆ ಬರುವುದು ಕಷ್ಟ.

ಇನ್ನು ಕಿಡ್ನಿ. ಸಿಸ್‌ಪ್ಲಾಟಿನ್ ಕಿಡ್ನಿಗೆ ಹೊಡೆಯುತ್ತದೆ, ಅದಕ್ಕೇ ಮುಂಚೆ-ಆಮೇಲೆ ಬಾಟ್ಲಿಗಟ್ಟಲೆ ಡ್ರಿಪ್ಸ್ ಹಾಕುತ್ತಾರೆ, ಮೆಗ್ನೀಷಿಯಂ ಸೇರಿಸುತ್ತಾರೆ. ಮನೆಗೆ ಬಂದ ಮೇಲೂ ನೀರು ಕುಡಿಯುತ್ತಿರಬೇಕು, ಗಂಟಲು ನೋಯುತ್ತಿದ್ದರೂ ಗುಟುಕು ಗುಟುಕಾಗಿ. ಅಂಗಡಿಯವನಾಗಿ ನಾನು ಕೈ ಮುಗಿದು ಹೇಳುವುದು ಒಂದಿದೆ. ಮೈಕೈ ನೋವು ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ಇರುವ ಮಾತ್ರೆ ಕೇಳಿ ತಗೊಳ್ಳಬೇಡಿ. ಊರ ಕ್ಲಿನಿಕ್ಕಿನಲ್ಲಿ ನೋವಿನ ಸೂಜಿಯನ್ನೂ ಚುಚ್ಚಿಸಿಕೊಳ್ಳಬೇಡಿ, ಸಿಸ್‌ಪ್ಲಾಟಿನ್ ನಡೀತಿದೆ ಅಂತ ಮೊದಲು ಹೇಳಿ. ಎರಡೂ ಸೇರಿದರೆ ಕಿಡ್ನಿ ಕೆಡುತ್ತದೆ, ಕೀಮೋ ಅಲ್ಲಿಗೇ ನಿಲ್ಲುತ್ತದೆ.

ಕೆಪೆಸಿಟಾಬಿನ್ ತಗೊಳ್ಳುವವರಿಗೆ ಅಂಗೈ-ಅಂಗಾಲು ಕೆಂಪಾಗಿ ಸುಲಿಯಬಹುದು. ಊಟವಾದ ಅರ್ಧ ಗಂಟೆಯೊಳಗೆ ಮಾತ್ರೆ ನುಂಗಬೇಕು. ಮೊದಲ ವಾರದಲ್ಲೇ ಭೇದಿ ವಿಪರೀತವಾದರೆ ಮಾತ್ರೆ ನಿಲ್ಲಿಸಿ ಅದೇ ದಿನ ಫೋನ್ ಮಾಡಿ. ಕೆಲವರ ಮೈಯಲ್ಲಿ ಈ ಔಷಧಿಯನ್ನು ಕರಗಿಸುವ ಕಿಣ್ವವೇ ಕಡಿಮೆ ಇರುತ್ತದೆ, ಅವರಿಗೆ ಸಣ್ಣ ಡೋಸೂ ವಿಷವಾಗಬಹುದು.

ಯಾವಾಗ ಕಾಯದೆ ಆಸ್ಪತ್ರೆಗೆ ಹೋಗಬೇಕು?

ಜ್ವರ 100.4 ದಾಟಿದರೆ, ರಾತ್ರಿಯೇ ಆಗಿರಲಿ. ನೀರೂ ನುಂಗಲು ಆಗದಿದ್ದರೆ. ಮೂತ್ರ ಕಡಿಮೆಯಾದರೆ. ಉಸಿರು ಕಟ್ಟಿದರೆ, ರಕ್ತ ಬಂದರೆ. ಬೆಂಗಳೂರು 185 ಕಿಲೋಮೀಟರ್ ದೂರ ಇದೆ, ಬೆಳಗ್ಗೆ ನೋಡೋಣ ಅನ್ನಬೇಡಿ. ಹಾಸನದವರು ಹಿಮ್ಸ್ ಸರ್ಕಾರಿ ಆಸ್ಪತ್ರೆಗೆ, ಚಿಕ್ಕಮಗಳೂರಿನವರು ಮಲ್ಲೇಗೌಡ ಜಿಲ್ಲಾಸ್ಪತ್ರೆಗೆ ಮೊದಲು ಹೋಗಿ, ಫೈಲು ತೋರಿಸಿ, ಕೀಮೋ ಆದ ದಿನಾಂಕ ಹೇಳಿ.

ರಕ್ತ ಕಮ್ಮಿ ಇದೆ ಅಂತ ರಕ್ತ ಹಾಕಿಸಿದರು. ಕರೆಂಟಿಗೂ ರಕ್ತಕ್ಕೂ ಏನು ಸಂಬಂಧ?

ಮೇಲೆ ಆಮ್ಲಜನಕದ ಬಗ್ಗೆ ಬರೆದೆನಲ್ಲ, ಅದೇ ಸಂಬಂಧ. ರಕ್ತಹೀನತೆ ಇದ್ದವರಲ್ಲಿ ರೇಡಿಯೇಶನ್ ಫಲಿತಾಂಶ ಅಷ್ಟು ಚೆನ್ನಾಗಿರುವುದಿಲ್ಲ. ಗರ್ಭಕಂಠದವರಲ್ಲಿ ರಕ್ತಸ್ರಾವದಿಂದ ಹಿಮೋಗ್ಲೋಬಿನ್ ಇಳಿದಿರುವುದು ಸಾಮಾನ್ಯ, ಅದನ್ನು ಸರಿಮಾಡಿಕೊಂಡೇ ಮುಂದುವರಿಯುತ್ತಾರೆ. ಆದರೆ ರಕ್ತ ಏರಿಸುವ ಎರಿಥ್ರೋಪೊಯೆಟಿನ್ ಇಂಜೆಕ್ಷನ್ ಕೇಳಬೇಡಿ. ತಲೆ-ಕುತ್ತಿಗೆಯ ರೇಡಿಯೇಶನ್ ಜೊತೆ ಅದನ್ನು ಕೊಟ್ಟು ನೋಡಿದಾಗ ರಕ್ತ ಏರಿತು, ಕಾಯಿಲೆ ಮಾತ್ರ ಇನ್ನೂ ಕೆಟ್ಟಿತು.

ಬೀಡಿ, ಹೊಗೆಸೊಪ್ಪು ಬಿಡಲೇಬೇಕಾ? ಈಗ ಬಿಟ್ಟು ಏನು ಪ್ರಯೋಜನ?

ಈಗಲೇ ಪ್ರಯೋಜನ ಜಾಸ್ತಿ. ಬೀಡಿ ಸೇದಿದರೆ ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಸೇರಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಸಾವಿರಾರು ರೂಪಾಯಿಯ ಔಷಧಿ ಕೊಟ್ಟು ಕಣಗಳನ್ನು ದುರ್ಬಲ ಮಾಡುವುದು, ಅತ್ತ ಬೀಡಿ ಸೇದಿ ಅವನ್ನು ಮತ್ತೆ ಗಟ್ಟಿ ಮಾಡುವುದು, ಏನರ್ಥ? ಎಲೆ-ಅಡಿಕೆ, ಕಡ್ಡಿಪುಡಿ ಹುಣ್ಣಿನ ಮೇಲೆ ಬೆಂಕಿ. ಅರಕಲಗೂಡು, ರಾಮನಾಥಪುರದ ಕಡೆ ಹೊಗೆಸೊಪ್ಪು ಬೆಳೆದೇ ಸಂಸಾರ ನಡೆಸುವವರಿದ್ದಾರೆ, ಅವರಿಗೆ ಬಿಡಿ ಅನ್ನುವುದು ನನಗೂ ಸುಲಭದ ಮಾತಲ್ಲ. ಆದರೂ ಅನ್ನುತ್ತೇನೆ.

ಅರಿಶಿನ, ಅಮೃತಬಳ್ಳಿ, ನಾಟಿ ಔಷಧಿ, ವಿಟಮಿನ್ ಮಾತ್ರೆ ಜೊತೆಗೆ ಕೊಡಬಹುದಾ?

ಸಾರಿಗೆ ಹಾಕುವ ಅರಿಶಿನ ಹಾಕಿಕೊಳ್ಳಿ, ಏನೂ ಆಗುವುದಿಲ್ಲ. ಅರಿಶಿನದ ಸತ್ವ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕಣಗಳನ್ನು ದುರ್ಬಲ ಮಾಡುತ್ತದೆ ಅನ್ನುವುದು ನಿಜ. ರೋಗಿಯಲ್ಲಿ ಸಿಸ್‌ಪ್ಲಾಟಿನ್‌ನಂತೆ ಕೆಲಸ ಮಾಡುತ್ತದೆ ಅಂತ ಸಾಬೀತಾಗಿಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕಥೆಯೂ ಹೀಗೇ ಆಯಿತು. ಬಹಳ ಆಸೆ ಹುಟ್ಟಿಸಿತ್ತು, ಶ್ವಾಸಕೋಶ ಕ್ಯಾನ್ಸರ್‌ನಲ್ಲಿ ಕೊಟ್ಟು ನೋಡಿದ ಎರಡು ಅಧ್ಯಯನಗಳು 2021ರಲ್ಲಿ ಬಂದವು, ಲಾಭ ಕಾಣಲಿಲ್ಲ.

ದೊಡ್ಡ ಡೋಸಿನ ವಿಟಮಿನ್ ಇ, ಬೀಟಾ ಕ್ಯಾರೋಟಿನ್ ಮಾತ್ರೆಗಳು ಬೇಡವೇ ಬೇಡ. ರೇಡಿಯೇಶನ್ ಹುಟ್ಟಿಸುವ ತುಂಟ ಅಣುಗಳನ್ನು ಹಿಡಿದು ಹಾಕುವುದೇ ಅವುಗಳ ಕೆಲಸ, ಆಗ ಕ್ಯಾನ್ಸರ್ ಕಣಕ್ಕೂ ರಕ್ಷಣೆ ಸಿಗುವ ಭಯವಿದೆ. ಅಮೃತಬಳ್ಳಿ ಕಷಾಯದಿಂದ ಲಿವರ್ ಕೆಟ್ಟ ವರದಿಗಳು ನಮ್ಮ ದೇಶದಲ್ಲೇ ಬಂದಿವೆ. ಏನು ಬೆರೆಸಿದ್ದಾರೋ ಗೊತ್ತಿಲ್ಲದ ಪುಡಿಯನ್ನು ಈ ಏಳು ವಾರ ದೂರ ಇಡಿ. ಕೊಟ್ಟಿದ್ದರೆ ಮುಚ್ಚಿಡದೆ ಡಾಕ್ಟರ್‌ಗೆ ಹೇಳಿ, ಬೈಸಿಕೊಂಡರೂ ಪರವಾಗಿಲ್ಲ.

ಊಟ?

ಅಕ್ಕಿ ರೊಟ್ಟಿ, ಖಾರದ ಸಾರು, ಬಿಸಿ ಬಿಸಿ ಕಾಫಿ ಗಂಟಲಿಗೆ ಇಳಿಯುವುದಿಲ್ಲ. ಮೆತ್ತನೆ ಮುದ್ದೆಯನ್ನು ಖಾರವಿಲ್ಲದ ಬೇಳೆ ಕಟ್ಟಿನಲ್ಲಿ, ರಾಗಿ ಗಂಜಿ, ತುಪ್ಪ ಹಾಕಿದ ಮೆದು ಅನ್ನ, ಬೇಯಿಸಿದ ಮೊಟ್ಟೆ ಮಸೆದು, ಹಾಲು, ಮಜ್ಜಿಗೆ. ಕಾಫಿ ಆರಿಸಿ ಕುಡಿಯಿರಿ. ಮೂಗಿನಿಂದ ಟ್ಯೂಬ್ ಹಾಕೋಣ ಅಂದರೆ ಹೆದರಬೇಡಿ, ಹಟ ಮಾಡಿ ತೂಕ ಇಳಿಸಿಕೊಂಡರೆ ಕರೆಂಟ್ ಕೊಡುವಾಗ ಮುಖ ಅಲುಗದಂತೆ ಹಾಕುವ ಮಾಸ್ಕೇ ಸಡಿಲವಾಗಿ ಮತ್ತೆ ಅಳತೆ ತೆಗೆಯಬೇಕಾಗುತ್ತದೆ.

ಹೊಸದಾಗಿ ಏನು ಬರುತ್ತಿದೆ?

ಡೆನ್ಮಾರ್ಕಿನಲ್ಲಿ ನಿಮೊರಜೋಲ್ ಅನ್ನುವ ಮಾತ್ರೆ ವರ್ಷಗಳಿಂದ ಬಳಕೆಯಲ್ಲಿದೆ. ಆಮ್ಲಜನಕ ಇಲ್ಲದ ಕಣದೊಳಗೆ ಅದು ಆಮ್ಲಜನಕದ ಪಾತ್ರ ವಹಿಸುತ್ತದೆ. ಬೇರೆ ದೇಶಗಳಲ್ಲಿ ಅಷ್ಟು ನೆಲೆಯೂರಲಿಲ್ಲ. ಹಾಫ್ನಿಯಂ ಅನ್ನುವ ಲೋಹದ ಆಕ್ಸೈಡ್‌ನ ಅತಿ ಸಣ್ಣ ಹುಡಿಯನ್ನು ಗಡ್ಡೆಗೇ ಚುಚ್ಚಿ ರೇಡಿಯೇಶನ್ ಕೊಡುವ ವಿಧಾನ ಬಂದಿದೆ. ಮಾಂಸಖಂಡ, ಕೊಬ್ಬಿನಂಥ ಮೃದು ಭಾಗದಲ್ಲಿ ಬರುವ ಸಾರ್ಕೋಮಾ ಅನ್ನುವ ಕ್ಯಾನ್ಸರ್‌ನಲ್ಲಿ ಗಡ್ಡೆ ಪೂರ್ತಿ ಸತ್ತವರ ಪಾಲು ಇದರಿಂದ ನೂರಕ್ಕೆ 8ರಿಂದ 16ಕ್ಕೆ ಏರಿತು. ಜೆವಿನಾಪ್ಯಾಂಟ್ ಅನ್ನುವ ಔಷಧಿ ಶುರುವಿನಲ್ಲಿ ಅಬ್ಬಾ ಅನ್ನಿಸಿತ್ತು, 2024ರಲ್ಲಿ ದೊಡ್ಡ ಪ್ರಯೋಗವನ್ನೇ ನಿಲ್ಲಿಸಿದರು.

ಇಮ್ಯುನೊಥೆರಪಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಔಷಧಿಗಳದ್ದು ಮಿಶ್ರ ಫಲ. ಶ್ವಾಸಕೋಶದಲ್ಲಿ ಕೀಮೋ-ಕರೆಂಟ್ ಮುಗಿದ ಮೇಲೆ ಡುರ್ವಾಲುಮಾಬ್ ಕೊಟ್ಟರೆ ಲಾಭ ಇದೆ. ಗರ್ಭಕಂಠದಲ್ಲಿ ಪೆಂಬ್ರೊಲಿಜುಮಾಬ್ ಸೇರಿಸಿದ್ದು ಫಲ ಕೊಟ್ಟಿದೆ, ಬೆಲೆ ಮಾತ್ರ ಕಾಫಿ ತೋಟದ ಮಾಲೀಕರೂ ಯೋಚಿಸುವಷ್ಟು. ತಲೆ-ಕುತ್ತಿಗೆಯಲ್ಲಿ ಆಪರೇಷನ್ ಮಾಡದವರಿಗೆ ರೇಡಿಯೇಶನ್ ಜೊತೆಜೊತೆಗೇ ಕೊಟ್ಟು ನೋಡಿದ ಮೊದಲ ದೊಡ್ಡ ಪ್ರಯೋಗಗಳು ಗೆಲ್ಲಲಿಲ್ಲ.

ಖರ್ಚಿಗೆ ಏನು ದಾರಿ?

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕಾಗುತ್ತದೆ, ಬಸ್ ಹತ್ತುವ ಮುಂಚೆ ಅದನ್ನು ಮಾಡಿಸಿಕೊಳ್ಳಿ. ಬೆಂಗಳೂರಿಗೆ ಹೋಗಿ ಮತ್ತೆ ಪತ್ರಕ್ಕಾಗಿ ಹಾಸನಕ್ಕೆ ಬಂದರೆ ಅಲ್ಲೇ ಎರಡು ದಿನ ಹೋಯಿತು. ಚಿಕಿತ್ಸೆಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗಿರುವವರಿಗೂ ರಿಯಾಯಿತಿ. ಆಸ್ಪತ್ರೆಯಲ್ಲಿ ಅದರ ಫಾರಂ ಕೇಳಿ ತುಂಬಿಸಿಕೊಳ್ಳಿ. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆ ಇದ್ದೇ ಇದೆ.

ಎಲ್ಲಾ ಮುಗೀತು. ಸ್ಕ್ಯಾನ್ ಯಾವಾಗ?

ಕೊನೆಯ ದಿನ ಮುಗಿದ ಮೇಲೂ ಎರಡು-ಮೂರು ವಾರ ಹುಣ್ಣು, ಸುಸ್ತು ಇರುತ್ತದೆ, ಕೆಲವರಿಗೆ ಮೊದಲ ವಾರ ಇನ್ನೂ ಜಾಸ್ತಿಯೇ. ಕಣಗಳು ಸಾಯುವುದೂ ನಿಧಾನಕ್ಕೆ. ತಲೆ-ಕುತ್ತಿಗೆಯವರಿಗೆ ಪೆಟ್ ಸ್ಕ್ಯಾನ್ ಸುಮಾರು 12 ವಾರ ಕಳೆದ ಮೇಲೆ. ಮೊದಲೇ ಮಾಡಿಸಿದರೆ ಬರೀ ಉರಿಯೂತವೂ ಕಾಯಿಲೆಯಂತೆ ಕಾಣುತ್ತದೆ, ಸುಮ್ನೆ ಗಾಬರಿ. ದವಡೆಗೆ ರೇಡಿಯೇಶನ್ ಬಿದ್ದವರು ಆಮೇಲೆ ಯಾವತ್ತೇ ಆಗಲಿ ಹಲ್ಲು ಕೀಳಿಸುವ ಮುಂಚೆ ದಂತ ವೈದ್ಯರಿಗೆ ವಿಷಯ ಹೇಳಿ, ಮೂಳೆ ಕೊಳೆಯುವ ಅಪಾಯ ಇದೆ. ಕುತ್ತಿಗೆಗೆ ಬಿದ್ದವರು ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಥೈರಾಯ್ಡ್ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು, ಇದು ಹಾಸನದಲ್ಲೇ ಆಗುತ್ತದೆ, ಬೆಂಗಳೂರಿಗೆ ಹೋಗಬೇಕಿಲ್ಲ.